ಹರಕೆಯ ಹಿಟ್ಟು

ಲೊಕ್ಕನಹಳ್ಳಿ
18 ಜೂನ್ 2023

ದಿವ್ಯನ ಅವ್ವನಿಗೆ,

ಹೀಗೆ ಶುರುಮಾಡಬಹುದೋ ಬಾರದೋ ಗೊತ್ತಿಲ್ಲ. ಮೊದಲು 'ಮಾನ್ಯ ಶಾಸಕರಿಗೆ' ಎಂದು ಬರೆದೆ. ಓದಿದರೆ ಬೇರೆ ಯಾರಿಗೋ ಬರೆದ ಹಾಗಿತ್ತು. 'ಪುಟ್ಟಮಲ್ಲಿಗೆ' ಎಂದು ಬರೆದೆ. ನಿನ್ನ ಆಫೀಸಿನವರ ಕಣ್ಣಿಗೆ ಬಿದ್ದರೆ ನಿನ್ನ ಮರ್ಯಾದೆ ಏನಾಗಬೇಕು ಎಂದು ಅದನ್ನೂ ಹರಿದೆ. ಮದುವೆಯಾದ ಮೇಲೆ ನಿನಗೆ ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲವಲ್ಲ. ಆರನೇ ಕ್ಲಾಸು ಅರ್ಧಕ್ಕೇ ಬಿಟ್ಟವನ ಬರವಣಿಗೆ. ತಪ್ಪಿದ್ದರೆ ನಗಬೇಡ, ನಕ್ಕರೂ ಯಾರಿಗೂ ತೋರಿಸಬೇಡ.

ಫೋನು ಮಾಡಿದರೆ ನಿನ್ನ ಪಿಎ ದೇವರಾಜು ಎತ್ತುತ್ತಾನೆ. "ಯಾರ್ ಸಾ ಮಾತಾಡ್ತಿರೋದು?" ಎಂದ. ಶಾಂತರಾಜು ಎಂದೆ. "ಯಾವ ಶಾಂತರಾಜು?" ಎಂದ. ಗಂಡ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಲೊಕ್ಕನಹಳ್ಳಿ ಎಂದೆ. "ಮೇಡಂ ಮೀಟಿಂಗ್‌ನಲ್ಲವ್ರೆ, ಏನಿದ್ರೂ ಬರ್ದು ಕಳ್ಸಿ" ಎಂದ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿನ್ನ ಪಕ್ಷದ ರಾಜಣ್ಣ ಊರವರ ಅರ್ಜಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಾಳೆ ಬೆಂಗಳೂರಿಗೆ ಬರುತ್ತಾನೆ. ಅದೇ ಚೀಲದಲ್ಲಿ ಇದನ್ನೂ ಇಟ್ಟಿದ್ದೇನೆ.

ನೀನಾಗಿ ಫೋನು ಮಾಡಿದಾಗ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. "ಉಂಡ್ರಾ?" ಎಂದು ಕೇಳುತ್ತೀಯ, ಉಂಡೆ ಎನ್ನುತ್ತೇನೆ, ಮುಗಿಯುತ್ತದೆ. ಕೇಳಬೇಕಾದ್ದು ಅದಲ್ಲ. ನಮ್ಮ ಹರಕೆ ಯಾವಾಗ?

ನಾಮಪತ್ರ ಹಾಕಿ ಬಂದ ದಿನ ಮಿಲ್ಲಿನಲ್ಲಿ ರಾಗಿ ಮೂಟೆಯ ಮೇಲೆ ಕೂತು ನೀನೇ ಹೇಳಿದೆ. ಗೆದ್ದರೆ ನಾವಿಬ್ಬರೇ, ಬಾವುಟ ಇಲ್ಲದೆ, ಕಾಲಿಗೆ ಚಪ್ಪಲಿ ಇಲ್ಲದೆ, ಮನೆ ಬಾಗಿಲಿಂದ ಮಾದಪ್ಪನ ಬೆಟ್ಟಕ್ಕೆ ನಡೆಯೋಣ. ನಮ್ಮ ಮಿಲ್ಲಿನ ಹಿಟ್ಟನ್ನೇ ಗಂಟು ಕಟ್ಟಿ ಹೊತ್ತು, ಬೆಟ್ಟದ ಮೇಲೆ ಒಲೆ ಹೂಡಿ, ಮುದ್ದೆ ಕಟ್ಟಿ, ಅವನಿಗೆ ಎಡೆಯಿಟ್ಟು ಉಣ್ಣೋಣ ಎಂದೆ. ನೀನು ಗೆದ್ದ ಮಾರನೇ ದಿನವೇ ನಾನು ರಾಗಿ ಕೇರಿ, ಕಲ್ಲು ಒರೆಸಿ, ಬೀಸಿ ಇಟ್ಟೆ. ಹಿಟ್ಟು ಹುಳು ಬೀಳುವ ವಸ್ತು ಎನ್ನುವುದು ನಿನಗೆ ಗೊತ್ತೇ ಇದೆ. ಅದೇ ನನಗೆ ಚಿಂತೆ.

ಇನ್ನೊಂದು ಚಿಂತೆ ನಿನ್ನ ಮಂಡಿ. ಹನೂರಿನ ದಾರಿಯಲ್ಲಿ ಜಲ್ಲಿ ಎದ್ದು ಬಿದ್ದಿದೆ, ಬರಿಗಾಲಿಗೆ ಆಗುವುದಿಲ್ಲ. ನಮ್ಮ ಹೊಲದ ಪಕ್ಕದ ಕಾಲುದಾರಿಯಾದರೆ ಮೆತ್ತಗಿದೆ, ಆದರೆ ಹಳ್ಳದ ಹತ್ತಿರ ಕೊಚ್ಚಿಹೋಗಿದೆ, ಮಂಡಿ ನೋವಿಗೆ ಬಹಳ ಕಷ್ಟ. ಅದೊಂದು ಸರಿಯಾದರೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ದಿವ್ಯನ ಅಪ್ಪ

*

ಶಾಸಕರ ಕಚೇರಿ, ಬೆಂಗಳೂರು
7 ಜುಲೈ 2023

ಶ್ರೀ ಶಾಂತರಾಜು, ಹಿಟ್ಟಿನ ಮಿಲ್ಲು, ಲೊಕ್ಕನಹಳ್ಳಿ ಇವರಿಗೆ,

ಮಾನ್ಯರೇ,

ವಿಷಯ: ಕಾಲುದಾರಿ ದುರಸ್ತಿ ಕೋರಿ ಮನವಿ.

ತಾವು ಸಲ್ಲಿಸಿರುವ ಮನವಿಯನ್ನು ಮಾನ್ಯ ಶಾಸಕರು ಸಹಾನುಭೂತಿಯಿಂದ ಪರಿಶೀಲಿಸಿರುತ್ತಾರೆ. ತಮ್ಮ ಜಮೀನಿನ ಪಕ್ಕದ ದಾರಿಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳುವಂತೆ ಸಂಬಂಧಪಟ್ಟ ಇಲಾಖೆಗೆ ಸೂಚಿಸಲಾಗಿದೆ. ತಮ್ಮ ಮಂಡಿ ನೋವಿನ ಚಿಕಿತ್ಸೆಗೆ ನೆರವು ಬೇಕಾದಲ್ಲಿ ಪಡಿತರ ಚೀಟಿಯ ಪ್ರತಿ ಲಗತ್ತಿಸಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

ತಮ್ಮ ವಿಶ್ವಾಸಿ,
(ಶಾಸಕರ ಪರವಾಗಿ)
ದೇವರಾಜು, ಆಪ್ತ ಸಹಾಯಕ

*

ಲೊಕ್ಕನಹಳ್ಳಿ
20 ಆಗಸ್ಟ್ 2023

ದಿವ್ಯನ ಅವ್ವನಿಗೆ,

ನಿನ್ನ ಆಫೀಸಿನ ಕಾಗದ ಬಂತು. ಲಕೋಟೆಯ ಮೇಲೆ ಸರ್ಕಾರದ ಮುದ್ರೆ ನೋಡಿ ಮೊದಲು ಹೆದರಿದೆ. ಓದಿದ ಮೇಲೆ ನಗು ಬಂತು. ನನಗೆ ಮಂಡಿ ನೋವಿಲ್ಲ. ನಿನಗಿರುವುದು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಹೋದ ವಾರ ಜೀಪಿನಲ್ಲಿ ಒಬ್ಬ ಇಂಜಿನಿಯರು ಬಂದ. "ದಾರಿ ಅರ್ಜಿ ನಿಮ್ದೇ ತಾನೆ ಸಾ?" ಎಂದ.

"ಅರ್ಜಿ ಅಲ್ಲ ಸಾ. ನನ್ನೆಡ್ತಿಗೆ ಬರ್ದ ಕಾಗ್ದ ಅದು."

ಅವನು ನಕ್ಕು, "ಗೊತ್ತಾಯ್ತು ಬುಡಿ ಸಾ. ನಿಮ್ಮಂಥೋರು ಬಾಯ್ಬುಟ್ಟು ಕೇಳ್ಬೇಕಾ?" ಎಂದು ಟೇಪು ಬಿಚ್ಚಿ ಹೊಲದ ಬದುವಿನಲ್ಲಿ ಅಳೆಯಲು ಹೋದ. ಬೇಡ ಎಂದರೆ ಅವನು ಕೇಳಲಿಲ್ಲ. ನಾನು ಎಷ್ಟು ಬೇಡ ಎಂದೆನೋ ಅಷ್ಟು ಅವನಿಗೆ ಬೇಕು ಎಂದು ಕೇಳಿಸಿತು.

ಅದೇ ಹೊತ್ತಿಗೆ ರಾಗಿ ಮಂಕರಿ ಹೊತ್ತು ಪುಟ್ಟಗೌರಮ್ಮ ಬಂದಳು. ನಿನ್ನನ್ನು ಮೊದಲ ಸಲ ಪಂಚಾಯ್ತಿಗೆ ನಿಲ್ಲು ಎಂದು ಹಠ ಹಿಡಿದವಳೇ ಅವಳು. ಜೀಪು ನೋಡಿದಳು, ಟೇಪು ನೋಡಿದಳು. "ಏನ್ಲಾ ಶಾಂತ್ರಾಜ, ಎಡ್ತಿ ಗೆದ್ದೇಟ್ಗೆ ಒಲಕ್ಕೆ ಟಾರ್ ರೋಡಾ? ನಮ್ಮ ಕೇರಿ ಚರಂಡಿ ಅಂಗೇ ನಾರ್ತಾ ಅದೆ ಕಣಪ್ಪ" ಎಂದಳು. "ಅಂಗಲ್ಲ ಕಣಕ್ಕ" ಎನ್ನುವಷ್ಟರಲ್ಲಿ ಮಂಕರಿ ಇಳಿಸದೆಯೇ ತಿರುಗಿ ಹೋದಳು. ಈಗ ಹನೂರಿಗೆ ಹೋಗಿ ಬೀಸಿಸುತ್ತಾಳಂತೆ.

ಅವಳೊಬ್ಬಳೇ ಅಲ್ಲ. ನಿನಗೆ ಓಟು ಹಾಕದವರು ನೀನು ಗೆದ್ದ ದಿನದಿಂದಲೂ ಬರುತ್ತಿಲ್ಲ. ಹಾಕಿದವರೂ ಬರುವುದಿಲ್ಲ. ಬಂದರೂ, "ಎಂಎಲ್ಲೆ ಯಜಮಾನ್ರ ಕೈಲಿ ಇಟ್ಟು ಬೀಸಿಸೋದಾ, ಸರಿಯಾಗಕಿಲ್ಲ ಬುಡಿ" ಎಂದು ಅರ್ಜಿ ಮಾತ್ರ ಕೊಟ್ಟು ಹೋಗುತ್ತಾರೆ. ಮಿಲ್ಲಿನ ಮುಂದೆ ಬೆಳಿಗ್ಗೆಯಿಂದ ಜನ ಇರುತ್ತಾರೆ, ಬೆಲ್ಟು ತಿರುಗುವುದಿಲ್ಲ. ತುಕ್ಕು ಹಿಡಿಯಬಾರದೆಂದು ಸುಮ್ಮನೆ ಮೋಟಾರು ಹಾಕಿ ಆರಿಸುತ್ತೇನೆ.

ನೀನು ಅಧ್ಯಕ್ಷೆಯಾದ ದಿನ ನೆನಪಿದೆಯಾ? ಪಂಚಾಯ್ತಿಯವರು ನಿನ್ನ ಕುರ್ಚಿಯ ಪಕ್ಕ ನನಗೂ ಒಂದು ಕುರ್ಚಿ ಹಾಕಿದ್ದರು. ಬೇರೆ ಊರುಗಳಲ್ಲಿ ಗಂಡಂದಿರೇ ಸಹಿ ಹಾಕುತ್ತಿದ್ದ ಕಾಲ. ನೀನು ಎಲ್ಲರ ಮುಂದೆ, "ಅವ್ರು ಮಿಲ್ ನೋಡ್ಕತಾರೆ. ಆ ಚೇರ್ ತಗೀರಿ" ಎಂದೆ. ಎಲ್ಲರೂ ನಕ್ಕರು. ನಾನು ಮನೆಗೆ ಬರುವ ದಾರಿಯುದ್ದಕ್ಕೂ ಎದೆ ಎತ್ತಿಕೊಂಡೇ ಬಂದೆ. ಈಗ ನೋಡು, ಕೇಳದೆಯೇ ಆ ಕುರ್ಚಿಯಲ್ಲಿ ನನ್ನನ್ನು ತಂದು ಕೂರಿಸಿದ್ದಾರೆ.

ಮೊದಲ ಹಿಟ್ಟು ಕಮಟು ಬಂತು. ಹರಕೆಯ ಹಿಟ್ಟನ್ನು ನಾನು ತಿನ್ನುವುದು ಹೇಗೆ? ಹಸುವಿಗೆ ಕಲಸಿಟ್ಟೆ. ಮತ್ತೆ ಹೊಸದಾಗಿ ಬೀಸಿದ್ದೇನೆ.

ಕೋಪ ಮಾಡಿಕೊಳ್ಳಬೇಡ.

ಇಂತಿ,
ದಿವ್ಯನ ಅಪ್ಪ

*

ಶಾಸಕರ ಭವನ, ಬೆಂಗಳೂರು
24 ಸೆಪ್ಟೆಂಬರ್ 2023

ದಿವ್ಯನ ಅಪ್ಪನಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ನಿಮ್ಮ ಮೊದಲನೇ ಕಾಗದ ನನ್ನ ಕೈಗೆ ಬರಲೇ ಇಲ್ಲ. ಅರ್ಜಿಗಳನ್ನು ಮೊದಲು ಹುಡುಗರು ಓದಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಉತ್ತರ ಟೈಪು ಮಾಡುತ್ತಾರೆ. ದಾರಿ ಎಂದಿದ್ದಕ್ಕೆ ಗೆರೆ ಎಳೆದಿದ್ದಾರೆ. 'ಅವ್ವನಿಗೆ' ಎಂದು ಬರೆದಿದ್ದಾರಲ್ಲ ನೋಡಬಾರದಿತ್ತಾ ಎಂದರೆ, ಅರ್ಧ ಕ್ಷೇತ್ರ ಹಾಗೇ ಬರೆಯುತ್ತದೆ ಮೇಡಂ ಎಂದರು. ಅದೂ ನಿಜ.

ಮೊನ್ನೆ ಕೊಳ್ಳೇಗಾಲದ ಮೀಟಿಂಗಿನಲ್ಲಿ ಮುತ್ತಯ್ಯ, ದಾರಿ ಮಾಡಿಸಿ ಎಂದು ಇಲಾಖೆಗೆ ಹೋಗಿದ್ದ ಕಾಗದದ ನಕಲು ಎತ್ತಿ ಹಿಡಿದ. ಜಿಲ್ಲಾ ಪಂಚಾಯ್ತಿಯಲ್ಲಿ ನನ್ನೆದುರು ಸೋತವನು, ಬಿಡುತ್ತಾನಾ? "ಪಂಚಾಯ್ತೀಲಿ ಗಂಡನ್ ಕುರ್ಚಿ ತಗಸ್ದೋರು ಕಣ್ರಪ್ಪ ಇವ್ರು! ಈಗ ಗಂಡನ್ ಒಲಕ್ಕೇ ರೋಡು!" ಎಂದ. ಅಧಿಕಾರಿಗಳು ತಲೆ ತಗ್ಗಿಸಿ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ನನಗೆ ಮಾತು ಬರದೇ ಹೋದದ್ದು ಅವತ್ತೇ.

ಆ ದಾರಿಯ ಕೆಲಸವನ್ನು ನಾನೇ ಬರೆದು ನಿಲ್ಲಿಸಿದ್ದೇನೆ. ಇನ್ನು ಮೇಲೆ ಆಫೀಸಿಗೆ ಏನೂ ಬರೆಯಬೇಡಿ. ಅರ್ಜಿ ಈಸಿಕೊಳ್ಳಬೇಡಿ, ರಾಜಣ್ಣನ ಮನೆ ತೋರಿಸಿ. ನನ್ನ ವೇದಿಕೆ ಇರುವ ಕಡೆ ಬರಬೇಡಿ. ನಿಮ್ಮ ಮೇಲೆ ಕೋಪ ಇಲ್ಲ. ಬರಬೇಡಿ ಅಷ್ಟೆ.

ಬಿಪಿ ಮಾತ್ರೆ ಮರೆಯಬೇಡಿ.

ಪುಟ್ಟಮಲ್ಲಮ್ಮ

*

ಯಳಂದೂರು
15 ನವೆಂಬರ್ 2023

ದಿವ್ಯನ ಅವ್ವನಿಗೆ,

ದೀಪಾವಳಿಗೆ ಮಗಳ ಮನೆಗೆ ಬಂದಿದ್ದೇನೆ. ನಾಳೆ ಅಳಿಯ ಬೆಂಗಳೂರಿಗೆ ಹೋಗುತ್ತಾನೆ. ನಿನ್ನ ಕೈಗೇ ಕೊಡಬೇಕು, ಇಲ್ಲದಿದ್ದರೆ ವಾಪಸು ತರಬೇಕು ಎಂದು ಹೇಳಿ ಇದನ್ನು ಕೊಟ್ಟಿದ್ದೇನೆ. ಗಮ್ಮು ಹಾಕಿ, ಅದರ ಮೇಲೆ ಅನ್ನದ ಅಗುಳೂ ಮೆತ್ತಿದ್ದೇನೆ.

ನಿನ್ನ ಮಾತು ಮೀರಿದ್ದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಮೊದಲು. ಹೋದ ತಿಂಗಳು ಕೊಳ್ಳೇಗಾಲದಲ್ಲಿ ನಡೆದ ನಿನ್ನ ಸಭೆಗೆ ಬಂದಿದ್ದೆ. ಕೊನೆಯಲ್ಲಿ, ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದೆ. ನೀನು ಹಸಿರು ಸೀರೆ ಉಟ್ಟಿದ್ದೆ, ಅದು ನನಗೆ ಗೊತ್ತಿಲ್ಲದ ಸೀರೆ. ಭಾಷಣದ ನಡುವೆ ಎರಡು ಸಲ ಕೆಮ್ಮಿದೆ. ಪಕ್ಕದಲ್ಲಿ ಅಷ್ಟು ಜನ ಇದ್ದರು, ಒಬ್ಬರೂ ನೀರು ಕೊಡಲಿಲ್ಲ. ಇಲ್ಲಿಂದ ಕೂಗಿ ಹೇಳಲೇ ಎನ್ನಿಸಿತು. ಅಷ್ಟರಲ್ಲಿ ಯಾರೋ ಗುರುತು ಹಿಡಿದು, "ಅಯ್ಯೋ, ಮೇಡಮ್ಮೋರ ಯಜಮಾನ್ರು ಕಣ್ರೋ! ಬನ್ನಿ ಸಾ, ಸ್ಟೇಜಿಗೆ ಬನ್ನಿ" ಎಂದು ರಟ್ಟೆ ಹಿಡಿದರು. ಬಿಡಿಸಿಕೊಂಡು ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಐವತ್ತೆರಡು ವರ್ಷದ ಗಂಡಸು ಕಳ್ಳನ ಹಾಗೆ ಬಸ್‌ಸ್ಟ್ಯಾಂಡಿಗೆ ಓಡಿದ್ದನ್ನು ಕೇಳಿ ದಿವ್ಯ ನಕ್ಕಳು, ಆಮೇಲೆ ಅತ್ತಳು.

"ನೀವಿಬ್ರೂ ಫೋನ್ನಲ್ಲಿ ನೆಟ್ಟಗೆ ಮಾತಾಡ್ಬಾರ್ದಾ ಅಪ್ಪ?" ಎಂದಳು. ಏನು ಹೇಳಲಿ? ನೀನು ಮೊದಲು ಪಂಚಾಯ್ತಿಗೆ ಹೋದೆ, ಊಟಕ್ಕೆ ಮನೆಗೆ ಬರುತ್ತಿದ್ದೆ. ಆಮೇಲೆ ತಾಲ್ಲೂಕು ಎಂದೆ, ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಜಿಲ್ಲೆ ಎಂದಾಗ ಕೊನೆಯ ಬಸ್ಸು. ಒಂದೊಂದು ಸಲ ಗೆದ್ದಾಗಲೂ ನಾನೇ ಮುಂದೆ ನಿಂತು ಊರಿಗೆಲ್ಲ ಸಿಹಿ ಹಂಚಿದೆ. ಈಗ ಯಾವ ಬಸ್ಸು ಕಾಯಬೇಕು ಎನ್ನುವುದೇ ತಿಳಿಯದು.

ಹರಕೆಯ ಬಗ್ಗೆ ನಿನ್ನ ಕಾಗದದಲ್ಲಿ ಒಂದು ಮಾತೂ ಇರಲಿಲ್ಲ. ಮರೆತಿದ್ದರೆ ನೆನಪಿಸಿದ್ದೇನೆ. ಬೇಕೆಂದೇ ಬಿಟ್ಟಿದ್ದರೆ ಇದನ್ನು ಓದಲಿಲ್ಲ ಅಂದುಕೊ.

ಇಂತಿ,
ದಿವ್ಯನ ಅಪ್ಪ

*

ಬೆಳಗಾವಿ
12 ಡಿಸೆಂಬರ್ 2023

ದಿವ್ಯನ ಅಪ್ಪನಿಗೆ,

ಅನ್ನದ ಅಗುಳು ಕೀಳಲು ಚಾಕು ಬೇಕಾಯಿತು.

ಇವತ್ತು ಸದನದಲ್ಲಿ ಮೊದಲ ಸಲ ಎದ್ದು ನಿಂತು ಮಾತಾಡಿದೆ. ಕಾಡಂಚಿನ ಊರುಗಳಲ್ಲಿ ಆನೆ ತುಳಿದ ಬೆಳೆಯ ವಿಚಾರ. ಎರಡು ಮಾತು ಆಡುವಷ್ಟರಲ್ಲಿ ಎಲ್ಲರೂ ತಿರುಗಿ ನೋಡಿದರು. ಸಭಾಧ್ಯಕ್ಷರು, "ಅಮ್ಮಾ, ಮೈಕು ಇದೆ, ಇಷ್ಟು ಜೋರು ಬೇಡ" ಎಂದರು. ನಗೆಯೋ ನಗೆ. ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಕಲಿತ ಬಾಯಿ ನೋಡಿ. ನಿಮಗೆ ಹೇಳಬೇಕು ಎನ್ನಿಸಿತು. ಹೇಳಲು ಪಕ್ಕದಲ್ಲಿ ಇದ್ದವನು ದೇವರಾಜು, ಅವನಿಗೆ ಹೇಳಿದರೆ ಪೇಪರಿಗೆ ಕೊಡುತ್ತಾನೆ.

ಇಲ್ಲಿ ಚಳಿ. ರೂಮಿನಲ್ಲಿ ಟಿವಿ ಹಾಕಿಕೊಂಡೇ ಊಟ ಮಾಡುತ್ತೇನೆ, ಮನುಷ್ಯರ ದನಿ ಇರಲಿ ಎಂದು.

ಹರಕೆ ಮರೆತಿಲ್ಲ. ಶಿವರಾತ್ರಿಗೆ ಪಕ್ಷದವರು ಹನೂರಿನಿಂದ ಬೆಟ್ಟಕ್ಕೆ ಪಾದಯಾತ್ರೆ ಇಟ್ಟಿದ್ದಾರೆ, ನಾನೇ ಮುಂದಾಳು. ನಿಮ್ಮ ಹರಕೆಯೂ ಅದರಲ್ಲೇ ತೀರಿತಲ್ಲ ಮೇಡಂ ಎನ್ನುತ್ತಾನೆ ದೇವರಾಜು. ನೀವು ಏನಂತೀರಿ?

ಪುಟ್ಟಮಲ್ಲಿ

*

ಲೊಕ್ಕನಹಳ್ಳಿ
21 ಜನವರಿ 2024

ದಿವ್ಯನ ಅವ್ವನಿಗೆ,

ಸಹಿ ಪುಟ್ಟಮಲ್ಲಿ ಎಂದಿದ್ದನ್ನು ನೋಡಿದೆ. ಮತ್ತೆ ಮತ್ತೆ ನೋಡಿದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಸರಿ ಎಂದರೆ ಮಾದಪ್ಪ ಏನಂದುಕೊಂಡಾನೋ, ಬೇಡ ಎಂದರೆ ನಿನ್ನ ಪಕ್ಷದವರು ಏನಂದಾರೋ. ಕಡೆಗೆ ಮಾದಪ್ಪನ ಕಂಸಾಳೆ ಹಾಡುವ ಚಿಕ್ಕಮಾದಪ್ಪನನ್ನು ಕೇಳಿದೆ. ಯಾರದೋ ವಿಚಾರ ಎನ್ನುವ ಹಾಗೆ ಕೇಳಿದೆ. ಆ ಮುದುಕ ಬೀಡಿ ಆರಿಸಿ, "ನಿನ್ನೆಡ್ತಿ ಇಚಾರ ತಾನೆ? ನೆಟ್ಟಗೆ ಕೇಳು" ಎಂದ.

"ಬಾವುಟ ಇಡ್ಕಂಡು ನಡುದ್ರೆ ಅರಕೆ ತೀರ್ತದಾ ತಾತ?"

"ಮಾದಪ್ಪ ಏನು ಎಲೆಕ್ಸನ್ ಆಫೀಸರಾ, ಇಂಗ್ ಬಂದ್ರೆ ಅನರ್ಹ, ಅಂಗ್ ಬಂದ್ರೆ ಅರ್ಹ ಅನ್ನಾಕೆ? ಅರಕೆ ಕಟ್ಕಂಡೋರ್ಗೇ ಗೊತ್ತಾಯ್ತದೆ ತೀರ್ತೋ ಇಲ್ವೋ ಅಂತ. ಅವಳ್ನೇ ಕೇಳ್ಲಾ."

ಅದಕ್ಕೇ ನಾನು ಸರಿಯೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ನೀನು ನಡೆ. ನಿನ್ನ ಜೊತೆ ನಾನು ಬಂದರೆ ಮತ್ತೆ ಮುತ್ತಯ್ಯನಿಗೆ ಮಾತು ಸಿಗುತ್ತದೆ. ಬೆಟ್ಟ ಹತ್ತುವ ಮೊದಲು ತಾಳಬೆಟ್ಟದಲ್ಲಿ ನಡೆದು ಬರುವವರಿಗೆ ಮಜ್ಜಿಗೆ ಕೊಡುತ್ತಾರಲ್ಲ, ಅಲ್ಲಿರುತ್ತೇನೆ. ಮಜ್ಜಿಗೆ ಕೊಡುವವನನ್ನು ಯಾರೂ ನೋಡುವುದಿಲ್ಲ. ಹೊಸದಾಗಿ ಬೀಸಿದ ಹಿಟ್ಟಿನ ಗಂಟು ನನ್ನ ಹೆಗಲಿನಲ್ಲಿರುತ್ತದೆ. ಅಲ್ಲಿಂದ ಮೇಲಕ್ಕೆ ನಾನು ಹಿಂದೆ ಹಿಂದೆ ಬರುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ.

ಮಂಡಿಗೆ ಎಣ್ಣೆ ಹಚ್ಚು. ಒಪ್ಪುವುದಾದರೆ ಉತ್ತರ ಬರೆಯಬೇಡ. ಬರೆಯದಿದ್ದರೆ ಒಪ್ಪಿದೆ ಎಂದು ತಿಳಿಯುತ್ತೇನೆ.

ಇಂತಿ,
ದಿವ್ಯನ ಅಪ್ಪ

*

ಲೊಕ್ಕನಹಳ್ಳಿ
11 ಮಾರ್ಚ್ 2024

ದಿವ್ಯನ ಅವ್ವನಿಗೆ,

ಕ್ಷೇಮವಾಗಿ ಊರು ಸೇರಿದೆ.

ನೀನು ಬರುವುದಕ್ಕೆ ಮೊದಲು ತಮಟೆ ಬಂತು, ಬಾವುಟ ಬಂತು, ಮೇಲೆ ಜೇನುಹುಳದ ಹಾಗೆ ಒಂದು ಕ್ಯಾಮೆರಾ ಹಾರಿಕೊಂಡು ಬಂತು. ನಿನ್ನ ಕಾಲಿಗೆ ಬಿಳಿ ಬೂಟು ಇತ್ತು. ಒಳ್ಳೆಯದೇ ಆಯಿತು, ಮಂಡಿ ಅಂಥದ್ದು. ಆದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು.

ದೇವರಾಜು ಎಲ್ಲರನ್ನೂ ಪಕ್ಕಕ್ಕೆ ಸರಿಸುತ್ತಾ ಬಂದ. "ಯಜಮಾನ್ರೆ, ಒಸಿ ಅತ್ಲಾಗಿ ಜರುಗಿ, ಮೇಡಂ ಮಜ್ಜಿಗೆ ಕುಡಿಯೋದು ಫೋಟೋ ತಗೀಬೇಕು" ಎಂದ. ಜರುಗಿದೆ. ಲೋಟ ಮಾತ್ರ ನನ್ನ ಕೈಯಲ್ಲೇ ಇತ್ತು. ನೀನು ಬಂದು ಈಸಿಕೊಂಡೆ. "ಉಪ್ಪು ಕಮ್ಮಿ" ಎಂದೆ. ಇಷ್ಟು ವರ್ಷವೂ ನಾನು ಮಾಡಿದ ಮಜ್ಜಿಗೆಗೆ ಅದನ್ನೇ ಅಂದಿದ್ದೀಯ. ಎಲ್ಲರೂ ನಕ್ಕರು, ಅವರಿಗೇನು ಗೊತ್ತು. ನೀನು ನನ್ನ ಹೆಗಲಿನ ಗಂಟು ನೋಡಿದೆ. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಾರ ಹಾಕಿದರು.

ಆಮೇಲೆ ಕಾರು ಬಂತು. ಮಂತ್ರಿಗಳು ಮೇಲೆ ಬಂದಾಯಿತು, ಹೊತ್ತಾಯಿತು ಎಂದರು. ನೀನು ಹತ್ತಿದೆ. ಗಾಜು ಕಪ್ಪಗಿತ್ತು. ನೀನು ತಿರುಗಿ ನೋಡಿದೆಯೋ ಇಲ್ಲವೋ ಹೊರಗಿನವರಿಗೆ ಕಾಣಿಸುವುದಿಲ್ಲ.

ನಾನು ಸುಮಾರು ಹೊತ್ತು ಅಲ್ಲೇ ನಿಂತೆ. ನಡೆದು ಹೋಗುವವರು "ಉಘೇ ಮಾದಪ್ಪ" ಎಂದು ಕೂಗುತ್ತಾ ಹತ್ತುತ್ತಿದ್ದರು. ಒಬ್ಬಾಕೆ, "ಬಾರಣ್ಣ, ಜೊತೇಲಿ ಓಗವ" ಎಂದು ಕರೆದಳು. "ನೀ ನಡಿ ಕಣವ್ವ" ಎಂದು ಮಜ್ಜಿಗೆ ಕೊಟ್ಟು ಕಳಿಸಿದೆ. ಒಬ್ಬನೇ ಹತ್ತಿ ಒಲೆ ಹೂಡಿದರೆ ಅದು ಹರಕೆಯಾಗುತ್ತದೋ, ಬರೀ ಅಡುಗೆಯಾಗುತ್ತದೋ? ಹಿಟ್ಟು ವಾಪಸು ತಂದಿದ್ದೇನೆ.

ಒಂದೇ ಕೇಳುವುದು. ಚಿಕ್ಕಮಾದಪ್ಪ ನಿನ್ನನ್ನೇ ಕೇಳು ಎಂದಿದ್ದ. ನಮ್ಮ ಹರಕೆ ತೀರಿತಾ? ತೀರಿತು ಎಂದರೆ ನಾನು ನಂಬುತ್ತೇನೆ, ಮತ್ತೆ ಕೇಳುವುದಿಲ್ಲ.

ಇಂತಿ,
ದಿವ್ಯನ ಅಪ್ಪ

*

ಬೆಂಗಳೂರು
28 ಏಪ್ರಿಲ್ 2024

ದಿವ್ಯನ ಅಪ್ಪನಿಗೆ,

ಲೋಕಸಭೆ ಓಟಿನ ಗಲಾಟೆಯಲ್ಲಿ ತಡವಾಯಿತು. ತಡವಾಗಿದ್ದು ಅದಕ್ಕೇ ಎಂದು ಹೇಳಿದರೆ ನೀವು ನಂಬುತ್ತೀರಿ, ಆದರೆ ಅದಕ್ಕಲ್ಲ.

ತೀರಲಿಲ್ಲ.

ಗುಡಿಯೊಳಗೆ ನನ್ನನ್ನು ನೇರ ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿದರು. ಹಿಂದೆ ಜನ ಸಾಲಿನಲ್ಲಿ ನಿಂತಿದ್ದರು. ಕೈ ಮುಗಿದೆ. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಬೂಟು ಬಿಚ್ಚಿದ್ದ ಕಾಲು ಒಂದು ಚೂರೂ ಸವೆದಿರಲಿಲ್ಲ, ಅದನ್ನೇ ನೋಡಿಕೊಂಡು ನಿಂತಿದ್ದೆ. ಮಂತ್ರಿಗಳ ಜೊತೆ ಎಲೆಯಲ್ಲಿ ಊಟ ಆಯಿತು. ಮುದ್ದೆ ಇತ್ತು. ನನ್ನ ಕೈಲಿ ಆಗಲಿಲ್ಲ, ಅನ್ನ ಹಾಕಿಸಿಕೊಂಡೆ.

ಮುಂದಿನ ವರ್ಷ ಬರುತ್ತೇನೆ ಎಂದು ಬರೆಯಬಹುದು. ಎಲ್ಲ ಊರಿನವರಿಗೂ ಹಾಗೇ ಹೇಳುತ್ತೇನೆ, ನಿಮಗೂ ಹೇಳುವುದು ಬೇಡ. ಈ ಕೆಲಸ ಬಿಟ್ಟು ಬರಲೂ ಮನಸ್ಸಿಲ್ಲ. ಅದನ್ನೂ ಮುಚ್ಚಿಡುವುದಿಲ್ಲ. ಈ ಕೆಲಸ ನನಗೆ ಇಷ್ಟ.

ಅದಕ್ಕೇ ಒಂದು ಮಾತು ಕೇಳಿ. ಇನ್ನು ಹಿಟ್ಟು ಬೀಸಿ ಇಡಬೇಡಿ. ರಾಗಿಯನ್ನು ಹಾಗೇ ಕಾಳಾಗಿ ಇಡಿ. ರಾಗಿ ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ನಾನು ಬಂದ ದಿನ ಬೀಸೋಣ. ಈಗ ಇರುವ ಹಿಟ್ಟನ್ನು ಹಸುವಿಗೆ ಹಾಕಬೇಡಿ, ನೀವೇ ಉಣ್ಣಿ. ನಾನು ಹೇಳಿದ್ದೇನೆ ಎಂದು ಉಣ್ಣಿ.

ಪುಟ್ಟಮಲ್ಲಿ

*

ಲೊಕ್ಕನಹಳ್ಳಿ
12 ಮೇ 2024

ಪುಟ್ಟಮಲ್ಲಿಗೆ,

ಈ ಸಲ ಹೀಗೆಯೇ ಬರೆದಿದ್ದೇನೆ, ಹರಿದಿಲ್ಲ. ಆಫೀಸಿನವರು ಓದಿದರೆ ಓದಲಿ.

ನೀನು ಹೇಳಿದ ಹಾಗೆ ಮಾಡಿದೆ. ಒಳ್ಳೆಯ ರಾಗಿ ಆರಿಸಿ, ಕಲ್ಲು ತೆಗೆದು, ಬಿಸಿಲಿಗೆ ಹರಡಿ, ತಗಡಿನ ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಟ್ಟೆ. ಇಲಿ ಬಂದರೆ ಎಂದು ಮುಚ್ಚಳದ ಮೇಲೆ ಒನಕೆ ಹೇರಿದ್ದೇನೆ. ಆಮೇಲೆ ಒನಕೆ ಉರುಳಿ ಯಾರ ತಲೆಯ ಮೇಲಾದರೂ ಬಿದ್ದರೆ ಎಂದು ಹಗ್ಗದಿಂದ ಕಟ್ಟಿದೆ. ಕೆಳಗೆ ನಿಲ್ಲುವವನು ನಾನೊಬ್ಬನೇ.

ಪುಟ್ಟಗೌರಮ್ಮ ಮೊನ್ನೆ ರಾಗಿ ತಂದಿದ್ದಳು. ಆ ದಾರಿ ಆಗಲೇ ಇಲ್ಲವಲ್ಲ, ಅದನ್ನು ನೋಡಿ ಬಂದಳೋ, ಹನೂರಿಗೆ ಓಡಾಡಿ ಸಾಕಾಗಿ ಬಂದಳೋ, ಕೇಳಲಿಲ್ಲ. "ಸಣ್ಣಗ್ ಬೀಸ್ಲಾ, ಅಲ್ಲಿ ದಪ್ಪಕ್ ಬೀಸ್ತಾರೆ" ಎಂದಳು. ಬೆಲ್ಟು ತಿರುಗಿತು. ಸದ್ದಿನಲ್ಲಿ ಅವಳು ಇನ್ನೇನೋ ಕೂಗಿ ಹೇಳಿದಳು, ನಿನ್ನಷ್ಟು ಜೋರು ಯಾರಿಗೂ ಬರುವುದಿಲ್ಲ, ಕೇಳಿಸಲಿಲ್ಲ.

ಹರಕೆಯ ಹಿಟ್ಟನ್ನು ಇವತ್ತು ಮಧ್ಯಾಹ್ನ ಮುದ್ದೆ ಮಾಡಿದೆ. ಉಪ್ಪು ಸರಿಯಾಗಿತ್ತು. ಇಬ್ಬರಿಗೆಂದು ಬೀಸಿದ್ದು, ಒಬ್ಬನಿಗೆ ಹೆಚ್ಚಾಯಿತು.

ಇಂತಿ,
ಶಾಂತರಾಜು